ಮನೆ ಹತ್ರ ತುಂಬೆ ಗಿಡ ಬೆಳೆಸೋದು ಹೇಗೆ: ಬೀಜ ಹುಡುಕೋದ್ರಿಂದ ಜೇನು ಬರೋವರೆಗೆ

ಚಿಕ್ಕವರಿದ್ದಾಗ ತುಂಬೆ ಹೂವನ್ನ ಮೆಲ್ಲಗೆ ಎಳೆದು ಹಿಂದಿನ ತುದಿಯನ್ನ ನಾಲಿಗೆಗೆ ಇಟ್ಟು ಚೀಪಿರೋರು ನಿಮ್ಮಲ್ಲೂ ಇರ್ತೀರಿ. ಒಂದು ಹನಿಯೂ ಅಲ್ಲ, ಒಂದು ಚೂರು ಸಿಹಿ, ಅಷ್ಟೇ. ಆ ಚೂರು ಸಿಹಿಗೋಸ್ಕರಾನೇ ಜೇನುಗಳು ಬೆಳಿಗ್ಗೆ ಎಂಟು ಗಂಟೆಗೇ ಬಂದು ಸಾಲು ಹಿಡಿಯೋದು. ಈಗ ಬೆಂಗಳೂರಿನ ಹೊರಗಡೆ ಖಾಲಿ ಸೈಟುಗಳಲ್ಲಿ ನೋಡಿ, ಕಾಂಗ್ರೆಸ್ ಗಿಡ ಬಿಟ್ರೆ ಬೇರೇನೂ ಕಾಣಲ್ಲ, ನಮ್ಮೂರು ಕುಣಿಗಲ್ ಕಡೆ ರಾಗಿ ಹೊಲದ ಬದುಗಳಲ್ಲಿ ಬೆಳ್ಳಗೆ ಇರ್ತಿದ್ದ ತುಂಬೆ ಕೂಡ ಕಳೆನಾಶಕ ಹೊಡೆಯೋಕೆ ಶುರು ಮಾಡಿದ್ಮೇಲೆ ತುಂಬಾ ಕಮ್ಮಿ ಆಗಿದೆ. ಅದಕ್ಕೇ ಪಕ್ಕದ ಖಾಲಿ ಸೈಟಿನ ಓನರ್‌ನ ಕೇಳಿ, ಅವರು ಒಪ್ಪಿದ್ಮೇಲೆ, ಮೂರು ವರ್ಷದಿಂದ ಅಲ್ಲಿ ತುಂಬೆ ಬೆಳೆಸ್ತಾ ಇದೀನಿ. ಹೇಗೆ ಮಾಡಿದೆ, ಎಲ್ಲಿ ತಪ್ಪಿದೆ ಎಲ್ಲಾ ಬರೀತೀನಿ.

ಮೊದಲೇ ಒಂದು ಮಾತು. ಆನ್‌ಲೈನ್‌ನಲ್ಲಿ ‘ವೈಲ್ಡ್ ಫ್ಲವರ್ ಮಿಕ್ಸ್’ ಅಂತ ಪ್ಯಾಕೆಟ್ ಸಿಗತ್ತಲ್ಲ, ಅದನ್ನ ತಗೋಬೇಡಿ. ಅದ್ರಲ್ಲಿ ಹೆಚ್ಚಾಗಿ ಇರೋದು ಕಾಸ್ಮಾಸ್, ಪಾಪಿ, ಕಾರ್ನ್ ಫ್ಲವರ್ ಥರದ ಹೊರದೇಶದ ಹೂವು, ನೋಡೋಕೆ ಚಂದ, ಆದ್ರೆ ನಮ್ಮ ಮಣ್ಣಲ್ಲಿ ನಮ್ಮ ಮಳೆ ಲೆಕ್ಕಕ್ಕೆ ಹುಟ್ಟಿ ಬೆಳೆದಿದ್ದಲ್ಲ. ತುಂಬೆಗೆ ದುಡ್ಡೇ ಬೇಕಿಲ್ಲ. ಬೇಕಾಗಿರೋದು ತಾಳ್ಮೆ, ಅದೂ ಮುಖ್ಯವಾಗಿ ಹೂವು ಮುಗಿದ್ಮೇಲೆ ಗಿಡ ಒಣಗಿ ಅಸಹ್ಯವಾಗಿ ಕಾಣೋ ಎರಡು ತಿಂಗಳು ಅದನ್ನ ಕೀಳದೆ ಬಿಡೋ ತಾಳ್ಮೆ. ತುಂಬೆ ಒಂದೇ ವರ್ಷದ ಗಿಡ, ಬೀಜ ಉದುರಿದ್ರೆ ಮಾತ್ರ ಮುಂದಿನ ವರ್ಷ ಇರತ್ತೆ, ಇಲ್ಲಾಂದ್ರೆ ಕಥೆ ಮುಗೀತು. ನಾವು ‘ಕ್ಲೀನ್’ ಮಾಡೋದು ಯಾವಾಗಲೂ ಸರಿಯಾಗಿ ಬೀಜ ಬಲಿಯೋ ಟೈಮಲ್ಲೇ.

ಗಿಡ ಗುರುತು ಹಿಡಿಯೋದು

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಲ್ಯೂಕಾಸ್ ಆಸ್ಪೆರಾ. ಲ್ಯೂಕಾಸ್ ಅನ್ನೋದು ಬಿಳಿ ಅನ್ನೋ ಅರ್ಥದ ಗ್ರೀಕ್ ಪದದಿಂದ ಬಂದಿದ್ದು, ಆಸ್ಪೆರಾ ಅಂದ್ರೆ ಒರಟು, ಎಲೆ ಕಾಂಡ ಮುಟ್ಟಿದ್ರೆ ಸಣ್ಣ ಸಣ್ಣ ರೋಮ ಇದ್ದು ಒರಟೊರಟಾಗೇ ಇರತ್ತೆ. ಸಂಸ್ಕೃತದಲ್ಲಿ ದ್ರೋಣಪುಷ್ಪಿ ಅಂತಾರೆ. ತುಳಸಿ ಕುಟುಂಬದ್ದೇ, ಹಾಗಾಗಿ ಕಾಂಡ ಬೆರಳಲ್ಲಿ ಹೊರಳಿಸಿದ್ರೆ ನಾಲ್ಕು ಮೂಲೆ ಸಿಗತ್ತೆ, ಎಲೆಗಳು ಎದುರು ಬದುರು ಜೋಡಿಯಾಗಿ ಬರ್ತವೆ. ಒಂದು ಗೇಣಿಂದ ಎರಡು ಅಡಿವರೆಗೆ ಬೆಳೆಯತ್ತೆ. ಕಾಂಡದ ಗಿಣ್ಣಿನ ಸುತ್ತ ಹಸಿರು ಚೆಂಡು ಕಟ್ಟಿದ ಹಾಗೆ ಇರತ್ತೆ, ಅದರೊಳಗಿಂದ ಒಂದೊಂದೇ ಬಿಳಿ ಹೂವು ಹೊರಗೆ ಇಣುಕತ್ತೆ, ಮೇಲಿನ ತುಟಿ ಚಿಕ್ಕದು, ಹತ್ತಿ ಅಂಟಿಸಿದ ಟೋಪಿ ಥರ, ಕೆಳಗಿನ ತುಟಿ ಅಗಲ.

ಆ ಅಗಲ ತುಟಿ ಸುಮ್ನೆ ಇಲ್ಲ. ಜೇನು ಬಂದು ಅದ್ರ ಮೇಲೆ ಕೂರತ್ತೆ, ತಲೆ ಒಳಗೆ ತೂರಿಸತ್ತೆ, ಆಗ ಟೋಪಿ ಕೆಳಗೆ ಅಡಗಿರೋ ಕೇಸರಗಳು ಅದರ ತಲೆ ಬೆನ್ನಿಗೆ ಪರಾಗ ಸವರ್ತವೆ, ಮುಂದಿನ ಹೂವಿಗೆ ಹೋದಾಗ ಅಲ್ಲಿ ತಗುಲತ್ತೆ. ಒಂದು ಹತ್ತು ನಿಮಿಷ ಗಿಡದ ಪಕ್ಕ ಕೂತು ನೋಡಿ, ಜೇನಿನ ಬೆನ್ನ ಮೇಲೆ ಪುಡಿ ಅಂಟಿರೋದು ಬರಿಗಣ್ಣಿಗೇ ಕಾಣತ್ತೆ.

ಹೆಸರಲ್ಲಿ ತುಂಬೆ ಅಂತ ಇರೋದೆಲ್ಲಾ ಇದಲ್ಲ. ಕತ್ತೆ ತುಂಬೆ ಅಂತ ಒಂದಿದೆ, ಅದ್ರ ಹೂವು ತಿಳಿ ನೀಲಿ, ತಲೆ ತಗ್ಗಿಸಿಕೊಂಡು ನೆಲ ನೋಡ್ತಿರತ್ತೆ, ಅದು ಬೇರೆ ಕುಟುಂಬ. ಕರಿತುಂಬೆ ಇನ್ನೊಂದು, ಗಿಡ ದೊಡ್ಡದು, ಹೂವು ನೇರಳೆ ಬಣ್ಣಕ್ಕೆ ತಿರುಗಿರತ್ತೆ. ಇವೂ ನಮ್ಮವೇ, ಜೇನಿಗೂ ಆಗತ್ತೆ, ಆದ್ರೆ ಬೀಜ ತರುವಾಗ ಗೊಂದಲ ಆಗ್ಬಾರ್ದು ಅಂತ ಹೇಳ್ದೆ. ಅನುಮಾನ ಇದ್ರೆ ಊರಲ್ಲಿ ಬೆರಕೆ ಸೊಪ್ಪು ಕಿತ್ತು ತರೋ ಯಾರಾದ್ರೂ ಅಜ್ಜಿಗೆ ತೋರಿಸಿ, ಯಾವ ಆ್ಯಪ್‌ಗಿಂತ ಬೇಗ ಹೇಳ್ತಾರೆ.

ಬೀಜ ಕೂಡಿಡೋದು

ಇಲ್ಲೇ ಎಲ್ಲಾ ಇರೋದು, ಸ್ವಲ್ಪ ನಿಧಾನಕ್ಕೆ ಓದಿ. ಮೈದಾನದ ಕಡೆ ತುಂಬೆ ಮಳೆಗಾಲದ ಕೊನೆಯಿಂದ ಹೂವು ಬಿಟ್ಕೊಂಡು ಚಳಿಗಾಲದವರೆಗೂ ಹೋಗತ್ತೆ, ತೇವ ಇರೋ ಜಾಗದಲ್ಲಿ ಶಿವರಾತ್ರಿಗೂ ಹೂವು ಸಿಗತ್ತೆ. ಕೆಳಗಿನ ಚೆಂಡುಗಳು ಮೊದಲು ಒಣಗ್ತವೆ, ಮೇಲಿನವು ಇನ್ನೂ ಹೂವಲ್ಲೇ ಇರ್ತವೆ. ಹಸಿರು ಹೋಗಿ ರಾಗಿ ಹುಲ್ಲಿನ ಬಣ್ಣಕ್ಕೆ ಬಂದ ಚೆಂಡು ರೆಡಿ ಅಂತ ಅರ್ಥ. ಅಂಗೈ ಮೇಲೆ ಬಗ್ಗಿಸಿ ಒಂದು ಸಲ ತಟ್ಟಿ ನೋಡಿ, ಕಂದು ಬಣ್ಣದ ನುಣುಪಾದ ಸಣ್ಣ ಕಾಳು ಬಿದ್ರೆ ಸರಿ, ಏನೂ ಬೀಳದೆ ಇದ್ರೆ ಒಂದೋ ಇನ್ನೂ ಬಲಿತಿಲ್ಲ ಇಲ್ಲಾ ಆಗ್ಲೇ ಉದುರಿ ಹೋಗಿದೆ. ಒಂದೊಂದು ಹೂವಿನ ಬಟ್ಟಲಲ್ಲಿ ಹೆಚ್ಚಂದ್ರೆ ನಾಲ್ಕು ಕಾಳು.

ಬೆಳಿಗ್ಗೆ ಇಬ್ಬನಿ ಆರೋದಕ್ಕೆ ಮುಂಚೆ ಹೋಗಿ. ಬಿಸಿಲೇರಿದ್ಮೇಲೆ ಮುಟ್ಟಿದ್ರೆ ಅರ್ಧ ಬೀಜ ಅಲ್ಲೇ ನೆಲಕ್ಕೆ ಬೀಳತ್ತೆ. ಕತ್ತರಿಯಲ್ಲಿ ಒಣ ಕಡ್ಡಿಗಳನ್ನ ಕತ್ತರಿಸಿ ತಲೆಕೆಳಗು ಮಾಡಿ ಹಳೇ ದಿಂಬಿನ ಕವರ್‌ಗೆ ಹಾಕ್ಕೊಳಿ, ಪ್ಲಾಸ್ಟಿಕ್ ಬೇಡ, ಬೂಷ್ಟು ಹಿಡಿಯತ್ತೆ. ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ, ಕವರ್ ಮೇಲಿಂದಾನೇ ಕೈಯಲ್ಲಿ ಬಡಿದು, ಮೊರದಲ್ಲಿ ಕೇರಿದ್ರೆ ಹೊಟ್ಟು ಹಾರಿ ಕಾಳು ಉಳಿಯತ್ತೆ. ಹೊಟ್ಟು ಚುಚ್ಚತ್ತೆ, ಕಣ್ಣಿಗೆ ಬೀಳದ ಹಾಗೆ ನೋಡ್ಕೊಳಿ. ಆಮೇಲೆ ಒಂದು ಚಮಚ ಸೌದೆ ಬೂದಿ ಬೆರೆಸಿ ಪೇಪರ್ ಕವರ್‌ನಲ್ಲೋ ಮಣ್ಣಿನ ಕುಡಿಕೆಯಲ್ಲೋ ಕಟ್ಟಿಡಿ.

ಒಂದೇ ಗಿಡದಿಂದ ತರಬೇಡಿ, ಹತ್ತು ಹದಿನೈದು ಗಿಡದಿಂದ ಸ್ವಲ್ಪ ಸ್ವಲ್ಪ ತನ್ನಿ. ಒಂದು ಜಾಗದಲ್ಲಿ ಎಷ್ಟಿದ್ಯೋ ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಬಿಡಿ, ನಿಮ್ಮ ಮನೆಗೆ ತುಂಬೆ ಬರೋಕೆ ಹೊಲದ ಬದು ಖಾಲಿ ಆಗೋದು ಯಾವ ನ್ಯಾಯ? ಬೇರೆಯವರ ಜಮೀನಾದ್ರೆ ಕೇಳಿ ತಗೊಳಿ, ಹಳ್ಳೀಲಿ ಯಾರೂ ಇಲ್ಲ ಅನ್ನಲ್ಲ.

ನಾನು ಮೊದಲನೇ ವರ್ಷ ಡಿಸೆಂಬರ್‌ನಲ್ಲಿ ಬೀಜ ತಂದು ಅದೇ ವಾರ ಪಾತಿ ಮಾಡಿ, ಗೊಬ್ಬರ ಹಾಕಿ, ಒಂದಿಂಚು ಮಣ್ಣು ಮುಚ್ಚಿ, ದಿನಾ ನೀರು ಹಾಕ್ದೆ. ಒಂದೂ ಹುಟ್ಲಿಲ್ಲ. ಮೂರು ತಪ್ಪು ಒಟ್ಟಿಗೆ ಮಾಡಿದ್ದೆ ಅಂತ ಅಮ್ಮ ಬಂದು ನೋಡಿ ಹೇಳಿದ್ರು, “ಅದು ಮಳೆ ಗಿಡ ಕಣೋ, ಮಳೆ ವಾಸನೆ ಬರೋವರೆಗೂ ಏಳಲ್ಲ, ಅಷ್ಟು ಆಳಕ್ಕೆ ಯಾಕೆ ಹೂತೆ, ಗಾಳೀಲಿ ಉದುರಿದ್ದು ತಾನೇ ಅದು” ಅಂತ. ಮುಂದಿನ ವರ್ಷ ಉಳಿದ ಬೀಜಾನೇ ಮುಂಗಾರಿಗೆ ಮೇಲ್ಮೇಲೆ ಚೆಲ್ಲಿದೆ, ಚೆನ್ನಾಗಿ ಬಂತು. ಚಳಿಗಾಲದಲ್ಲಿ ಕೂಡಿಟ್ಟು ಮಳೆಗೆ ಹಾಕೋದೇ ಸರಿಯಾದ ಕ್ರಮ.

ಯಾವ ಮಳೆಗೆ ಬಿತ್ತಬೇಕು

ತುಮಕೂರು, ಕೋಲಾರ, ಮಂಡ್ಯ, ಬೆಂಗಳೂರು ಸುತ್ತಮುತ್ತ ಇರೋರು ಆರಿದ್ರಾ ಪುನರ್ವಸು ಮಳೆ ಹೊತ್ತಿಗೆ, ಅಂದ್ರೆ ಜೂನ್ ಕೊನೆಯಿಂದ ಜುಲೈ ಮಧ್ಯದೊಳಗೆ ಹಾಕಿ. ಮಲೆನಾಡು ಕರಾವಳಿಯವರು ಆಗ ಹಾಕಿದ್ರೆ ಬೀಜ ಎಲ್ಲಾ ತೊಳೆದುಕೊಂಡು ಹೋಗತ್ತೆ, ಮಘೆ ಹುಬ್ಬೆ ಮಳೆವರೆಗೂ ಕಾಯಿರಿ, ಆಗಸ್ಟ್ ಅರ್ಧ ಕಳೆದ್ಮೇಲೆ. ಎರೆ ಮಣ್ಣಿನ ಕಡೆ ನೀರು ನಿಲ್ಲತ್ತೆ, ಅಲ್ಲಿ ಸಮತಟ್ಟು ಜಾಗಕ್ಕಿಂತ ಬದುವಿನ ಮೇಲೆ ಹಾಕೋದು ವಾಸಿ. ಕೆಂಪು ಗರಸು ಮಣ್ಣು ಇದಕ್ಕೆ ತುಂಬಾ ಇಷ್ಟ.

ಜಾಗ ಆರಿಸೋವಾಗ ಎರಡೇ ನೋಡಿ, ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಬೇಕು, ನೀರು ನಿಲ್ಲಬಾರದು. ಸೈಜ್ ಕಮ್ಮಿ ಅಂದ್ರೂ ನಾಲ್ಕಡಿ ನಾಲ್ಕಡಿ ಇರಲಿ. ಅಲ್ಲೊಂದು ಇಲ್ಲೊಂದು ಗಿಡ ಇದ್ರೆ ಜೇನಿಗೆ ಅದರಿಂದ ಲಾಭ ಇಲ್ಲ, ಒಂದು ಜೇನ್ನೊಣ ಒಂದು ಸಲ ಗೂಡಿಂದ ಹೊರಟ್ರೆ ಸಾಮಾನ್ಯವಾಗಿ ಒಂದೇ ಜಾತಿ ಹೂವನ್ನ ಹುಡುಕ್ಕೊಂಡು ತಿರುಗತ್ತೆ, ಅದಕ್ಕೆ ಒಂದೇ ಕಡೆ ನೂರಾರು ಹೂವು ಇದ್ರೆ ಬಂದಿದ್ದು ಸಾರ್ಥಕ.

ಬಿತ್ತೋದಕ್ಕೆ ಹದಿನೈದು ದಿನ ಮೊದಲು ಕಾಂಗ್ರೆಸ್ ಗಿಡ ಬೇರು ಸಮೇತ ಕೀಳಿ, ಹೂವು ಬಿಡೋಕೆ ಮುಂಚೆ, ಗ್ಲೌಸ್ ಹಾಕ್ಕೊಂಡು ಮುಖಕ್ಕೆ ಬಟ್ಟೆ ಕಟ್ಕೊಂಡು, ಯಾಕಂದ್ರೆ ತುಂಬಾ ಜನಕ್ಕೆ ಅದು ಚರ್ಮಕ್ಕೂ ಉಸಿರಾಟಕ್ಕೂ ಅಲರ್ಜಿ. ಕಳೆನಾಶಕ ಹೊಡೀಬೇಡಿ ದಯವಿಟ್ಟು. ಆಳವಾಗಿ ಅಗೆಯೋದೂ ಬೇಡ, ಅಗೆದಷ್ಟೂ ಕೆಳಗೆ ಮಲಗಿರೋ ಕಳೆ ಬೀಜ ಮೇಲೆ ಬಂದು ಏಳತ್ತೆ. ಕುಂಟೆಯಲ್ಲೋ ಕಳೆ ತೆಗೆಯೋ ಕುಡುಗೋಲಲ್ಲೋ ಮೇಲಿನ ಒಂದು ಬೆರಳು ಮಣ್ಣು ಕೆರೆದ್ರೆ ಸಾಕು.

ಒಂದು ಹಿಡಿ ಬೀಜಕ್ಕೆ ಐದು ಹಿಡಿ ಒಣ ಮರಳು ಬೆರೆಸಿ. ಅರ್ಧ ಭಾಗ ಉದ್ದಕ್ಕೆ ಚೆಲ್ಲಿ, ಇನ್ನರ್ಧ ಅಡ್ಡಕ್ಕೆ ಚೆಲ್ಲಿ, ಆಗ ಎಲ್ಲಾ ಕಡೆ ಸಮ ಬೀಳತ್ತೆ, ಮರಳು ಬೆಳ್ಳಗೆ ಕಾಣೋದ್ರಿಂದ ಎಲ್ಲಿ ಬಿತ್ತು ಎಲ್ಲಿ ಬಿಟ್ಟು ಹೋಯ್ತು ಅಂತಾನೂ ಗೊತ್ತಾಗತ್ತೆ. ಆಮೇಲೆ ಬರಿಗಾಲಲ್ಲಿ ಅದರ ಮೇಲೆ ನಡೆದಾಡಿ, ಬೀಜ ಮಣ್ಣಿಗೆ ಒತ್ತಿಕೊಂಡ್ರೆ ಸಾಕು, ಮುಚ್ಚಬೇಡಿ. ಇರುವೆ ಹೊತ್ಕೊಂಡು ಹೋಗತ್ತೆ ಅನ್ಸಿದ್ರೆ ಸುತ್ತ ಬೂದಿ ಉದುರಿಸಿ. ಮಳೆ ಬರ್ದೇ ಇದ್ರೆ ಸಣ್ಣ ತೂತಿನ ಶವರ್ ಕ್ಯಾನಲ್ಲಿ ದಿನ ಬಿಟ್ಟು ದಿನ ನೀರು, ಪೈಪಲ್ಲಿ ರಭಸವಾಗಿ ಬಿಟ್ರೆ ಬೀಜ ಎಲ್ಲಾ ಒಂದು ಮೂಲೆ ಸೇರತ್ತೆ.

ಕುಂಡದಲ್ಲೂ ಆಗತ್ತೆ. ಎಂಟು ಹತ್ತು ಇಂಚಿನ ಕುಂಡ, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಗೊಬ್ಬರ ಒಂದು ಹಿಡಿ ಮಾತ್ರ. ಒಂದು ಕುಂಡಕ್ಕೆ ಎರಡು ಮೂರು ಗಿಡ. ಟೆರೇಸಲ್ಲಿ ಕುಂಡಗಳನ್ನ ಹತ್ರ ಹತ್ರ ಗುಂಪಾಗಿ ಇಡಿ, ಅಂಚಿಗೆ ಸಾಲಾಗಿ ಬೇಡ.

ಹುಟ್ಟಿದ್ಮೇಲೆ

ನಮ್ಮಲ್ಲಿ ಹತ್ತು ಹದಿನೈದು ದಿನಕ್ಕೆ ಮೊಳಕೆ ಕಂಡಿದೆ. ಈ ಹಂತದಲ್ಲಿ ಜೊತೆಗೆ ನೂರೆಂಟು ಕಳೆನೂ ಹುಟ್ಟಿರತ್ತೆ, ಯಾವುದು ತುಂಬೆ ಅಂತ ಗೊತ್ತಾಗಲ್ಲ, ಗಾಬರಿಯಾಗಿ ಎಲ್ಲಾ ಕೀಳ್ಬೇಡಿ. ಇನ್ನೊಂದು ವಾರ ಬಿಡಿ, ಜೋಡಿ ಎಲೆ, ಚೌಕ ಕಾಂಡ, ಉಜ್ಜಿದ್ರೆ ಘಮ್ಮಂತ ಖಾರದ ವಾಸನೆ, ಇಷ್ಟಿದ್ರೆ ತುಂಬೆ. ಕಾಂಗ್ರೆಸ್ ಗಿಡದ ಸಸಿ ಕ್ಯಾರೆಟ್ ಸೊಪ್ಪಿನ ಥರ ಹರಿದ ಎಲೆ ನೆಲಕ್ಕೆ ಹರಡ್ಕೊಂಡು ಕೂತಿರತ್ತೆ, ಅದನ್ನ ಮೊದಲು ತೆಗೀರಿ.

ಗಿಡ ನಾಲ್ಕಿಂಚು ಆದ್ಮೇಲೆ ಒಂದು ಗೇಣು ಅಂತರ ಇರೋ ಹಾಗೆ ಬಿಟ್ಟು ಮಧ್ಯದ್ದು ಕೀಳಿ. ಕಿತ್ತಿದ್ದನ್ನ ಬಿಸಾಡಬೇಡಿ, ಅಣ್ಣೆ ಸೊಪ್ಪು, ದಂಟಿನ ಸೊಪ್ಪು ಜೊತೆ ಒಂದು ಹಿಡಿ ತುಂಬೆ ಸೊಪ್ಪು ಹಾಕಿ ಬಸ್ಸಾರು ಮಾಡಿ, ಸ್ವಲ್ಪ ಕಹಿ ಇದ್ರೂ ಮುದ್ದೆಗೆ ಒಳ್ಳೇ ಜೋಡಿ. ಉಳಿದ ಗಿಡಗಳ ತುದಿ ಒಂದು ಸಲ ಚಿವುಟಿ, ಪಕ್ಕದಿಂದ ನಾಲ್ಕು ಕವಲು ಬರತ್ತೆ, ಕವಲು ಜಾಸ್ತಿ ಆದ್ರೆ ಹೂವಿನ ಚೆಂಡೂ ಜಾಸ್ತಿ. ಬದುವಿನಿಂದ ಗಿಡ ಕಿತ್ತು ತಂದು ನೆಡೋದಾದ್ರೆ ಇದೇ ಸೈಜಲ್ಲಿ ತರ್ಬೇಕು, ಮಣ್ಣಿನ ಮುದ್ದೆ ಸಮೇತ, ಮೋಡ ಇರೋ ಸಂಜೆ ಹೊತ್ತು. ಹೂವಿರೋ ದೊಡ್ಡ ಗಿಡ ತಂದು ನೆಟ್ರೆ ಉಳಿಯೋದು ಕಷ್ಟ.

ಗೊಬ್ಬರ ಹಾಕೋಕೆ ಕೈ ತುರಿಸತ್ತೆ, ಹಾಕ್ಬೇಡಿ. ಎರಡನೇ ವರ್ಷ ಒಂದು ಮೂಲೆಗೆ ಎರೆಗೊಬ್ಬರ ಜಾಸ್ತಿ ಬಿದ್ದಿತ್ತು, ಅಲ್ಲಿ ಗಿಡ ಎದೆ ಉಬ್ಬಿಸಿಕೊಂಡು ಬೆಳೀತು, ಎಲೆ ಅಂಗೈ ಉದ್ದ, ಹೂವು ಮಾತ್ರ ಪಕ್ಕದ ಬಡಕಲು ಗಿಡದ ಅರ್ಧನೂ ಇರ್ಲಿಲ್ಲ. ಹೇನು ಹತ್ತಿದ್ರೆ ನೀರು ಚಿಮುಕಿಸಿ ತೊಳೀರಿ. ಹೂವಿರೋ ಗಿಡಕ್ಕೆ ಯಾವ ಔಷಧೀನೂ, ಬೇವಿನ ಎಣ್ಣೆ ಕೂಡ ಹಗಲು ಹೊತ್ತಲ್ಲಿ ಹೊಡೀಬೇಡಿ. ಪಕ್ಕದಲ್ಲಿ ತರಕಾರಿ ಹಾಕಿ ಅದಕ್ಕೆ ಹೊಡೀಲೇಬೇಕು ಅಂತಿದ್ರೆ ಸೂರ್ಯ ಮುಳುಗಿ ಜೇನೆಲ್ಲಾ ಗೂಡು ಸೇರಿದ್ಮೇಲೆ, ಗಾಳಿ ಇಲ್ಲದಾಗ.

ಯಾರು ಯಾರು ಬರ್ತಾರೆ

ಬಿತ್ತಿ ಸುಮಾರು ಎರಡು ತಿಂಗಳಿಗೆ ಹೂವು ಶುರು. ಮೊದಲು ಬರೋದು ತುಡುವೆ ಜೇನು, ಪೆಟ್ಟಿಗೇಲಿ ಸಾಕ್ತಾರಲ್ಲ ಅದೇ. ಮಳೆಗಾಲದಲ್ಲಿ ಇವಕ್ಕೆ ಹೂವೇ ಸಿಗಲ್ಲ, ಮಲೆನಾಡಲ್ಲಿ ಜೇನು ಸಾಕೋರು ಸಕ್ಕರೆ ಪಾಕ ಇಟ್ಟು ಗೂಡು ಉಳಿಸ್ಕೋತಾರೆ, ಆ ಹಸಿವು ಮುಗಿಯೋ ಹೊತ್ತಿಗೆ ಸರಿಯಾಗಿ ತುಂಬೆ ಅರಳೋದು, ಅದಕ್ಕೇ ನಂಗೆ ಈ ಗಿಡದ ಮೇಲೆ ಇಷ್ಟು ಪ್ರೀತಿ. ಆಮೇಲೆ ಕೋಲು ಜೇನು, ಹೆಜ್ಜೇನು, ಸೊಳ್ಳೆಯಷ್ಟೇ ಇರೋ ಮಿಸರಿ ಜೇನು, ಕರಾವಳಿ ಕಡೆ ಮುಜಂಟಿ ಅಂತಾರಲ್ಲ ಅದು.

ಇವೆಲ್ಲದಕ್ಕಿಂತ ಕಾಯ್ಕೊಂಡು ಕೂತು ನೋಡ್ಬೇಕಾಗಿರೋದು ನೀಲಿ ಪಟ್ಟೆ ದುಂಬಿ. ಹೊಟ್ಟೆ ಮೇಲೆ ಹೊಳೆಯೋ ನೀಲಿ ಗೆರೆಗಳು, ಒಂದು ಕಡೆ ನಿಲ್ಲಲ್ಲ, ಗುಯ್ ಅಂತ ಬಂದು ಒಂದು ಹೂವು ಮುಟ್ಟಿ ಇನ್ನೊಂದಕ್ಕೆ. ಇದಕ್ಕೆ ಗೂಡು ಹುಟ್ಟು ರಾಣಿ ಅಂತ ಏನಿಲ್ಲ, ಒಂದೊಂದು ಹೆಣ್ಣೂ ಮಣ್ಣಲ್ಲೋ ಹಳೇ ಮಣ್ಣಿನ ಗೋಡೆಯಲ್ಲೋ ತನ್ನ ಪಾಡಿಗೆ ಬಿಲ ತೋಡಿ ಮೊಟ್ಟೆ ಇಡತ್ತೆ. ಟೊಮೇಟೊ, ಬದನೆ ಹೂವಿಗೆ ಮೈ ನಡುಗಿಸಿ ಪರಾಗ ಉದುರಿಸೋದು ಇದಕ್ಕೆ ಬರತ್ತೆ, ಜೇನ್ನೊಣಕ್ಕೆ ಬರಲ್ಲ. ಹಾಗಾಗಿ ಟೊಮೇಟೊ ಬದನೆ ಹಾಕಿರೋರು ಬೇಲಿ ಪಕ್ಕ ತುಂಬೆ ಹಾಕಿದ್ರೆ ತರಕಾರಿಗೂ ಒಳ್ಳೇದು. ಸಂಜೆ ಹೊತ್ತು ಇದರ ಗಂಡುಗಳು ಒಣ ಕಡ್ಡಿಯನ್ನ ಬಾಯಲ್ಲಿ ಕಚ್ಚಿಕೊಂಡು ಸಾಲಾಗಿ ನೇತಾಡ್ಕೊಂಡು ನಿದ್ದೆ ಮಾಡ್ತವೆ. ಮೊದಲ ಸಲ ನೋಡಿದಾಗ ಸತ್ತು ಹೋಗಿವೆ ಅಂದ್ಕೊಂಡಿದ್ದೆ, ಬೆಳಿಗ್ಗೆ ಬಿಸಿಲು ಬಿದ್ದ ಕೂಡ್ಲೆ ಒಂದೊಂದಾಗಿ ಹಾರಿ ಹೋದ್ವು.

ಇದಕ್ಕೋಸ್ಕರ ಎರಡು ಸಣ್ಣ ಕೆಲಸ ಮಾಡಿ. ಪಾತಿ ಪಕ್ಕ ಒಂದೆರಡು ಚದರ ಅಡಿ ಬರೀ ನೆಲ ಬಿಡಿ, ಟೈಲ್ಸ್ ಬೇಡ, ಹುಲ್ಲು ಹಾಸೂ ಬೇಡ. ಒಂದು ಅಗಲ ತಟ್ಟೇಲಿ ಕಲ್ಲು ತುಂಬಿ ಕಲ್ಲು ಮುಳುಗದಷ್ಟು ನೀರು ಇಡಿ, ಬರೀ ನೀರಿದ್ರೆ ಜೇನು ಮುಳುಗಿ ಸಾಯತ್ತೆ. ಜಾಗ ಇದ್ರೆ ವಿಷ್ಣುಕ್ರಾಂತಿ, ಕಾಮಕಸ್ತೂರಿ ಜೊತೆಗಿರಲಿ. ಹೊಲ ಇರೋರಿಗೆ ನಾನು ಹೇಳೋದೇ ಬೇಡ, ರಾಗಿಗೆ ಅಕ್ಕಡಿ ಸಾಲಲ್ಲಿ ಹುಚ್ಚೆಳ್ಳು ಹಾಕೋದು ಬಿಟ್ಟಿದ್ರೆ ಮತ್ತೆ ಶುರು ಮಾಡಿ, ಅದರ ಹಳದಿ, ಬದುವಿನ ಮೇಲೆ ತುಂಬೆಯ ಬಿಳಿ, ಜೇನಿಗೆ ಹಬ್ಬ.

ಮನೇಲಿ ಮಕ್ಕಳಿದಾರೆ, ಕಚ್ಚತ್ತೆ ಅಂತ ಹೆದರೋರು ಇದೀರಿ. ಹೂವಿನ ಮೇಲೆ ಕೆಲಸದಲ್ಲಿರೋ ಜೇನು ಹಿಡಿದು ಅದುಮಿದ್ರೆ, ತುಳಿದ್ರೆ ಮಾತ್ರ ಚುಚ್ಚತ್ತೆ, ಸುಮ್ನೆ ನೋಡೋರ ತಂಟೆಗೆ ಬರಲ್ಲ. ಹೆಜ್ಜೇನಿನ ಗೂಡಿನ ಹತ್ರ ಹೋಗೋದು ಬೇರೆ ವಿಷಯ, ಅದು ಅಪಾಯ, ಹೋಗ್ಬೇಡಿ. ಜೇನು ಕಚ್ಚಿದ್ರೆ ಅಲರ್ಜಿ ಆಗೋರು ಮನೇಲಿದ್ರೆ ಪಾತಿಯನ್ನ ಬಾಗಿಲಿಂದ ದೂರ ಮಾಡಿ. ಇನ್ನೊಂದು, ಹಾವು ಕಚ್ಚಿದ್ರೆ ತುಂಬೆ ರಸ ಅಂತ ಹಳ್ಳಿ ಕಡೆ ಇವತ್ತಿಗೂ ಹೇಳ್ತಾರೆ, ಅದನ್ನ ನಂಬಿ ಟೈಮ್ ಹಾಳು ಮಾಡ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಹೊರದೇಶದಲ್ಲಿರೋ ನಮ್ಮವರು ತುಂಬೆ ಬೀಜ ಸೂಟ್‌ಕೇಸಲ್ಲಿ ತಗೊಂಡು ಹೋಗ್ಬೇಡಿ. ಕಾಂಗ್ರೆಸ್ ಗಿಡ ಅಮೆರಿಕ ಖಂಡದಿಂದ ಇಲ್ಲಿಗೆ ಬಂದು ಏನು ಮಾಡ್ತು ಅಂತ ನಾವೇ ನೋಡಿದೀವಿ. ಉತ್ತರ ಅಮೆರಿಕದಲ್ಲಿ ಇರೋರಿಗೆ ಅಲ್ಲಿನದೇ ಬೀ ಬಾಮ್ ಇದೆ, ಅದೂ ತುಳಸಿ ಕುಟುಂಬದ್ದೇ, ಅಲ್ಲಿನ ದುಂಬಿಗಳಿಗೆ ಅದು ಇಷ್ಟ.

ಹೂವು ಮುಗಿದ್ಮೇಲೆ

ಪೂಜೆಗೆ ತುಂಬೆ ಹೂವು ಬೇಕು ಅಂತ ಅಕ್ಕಪಕ್ಕದೋರು ಕೇಳ್ತಾರೆ, ಶಿವರಾತ್ರಿಗಂತೂ ಗೇಟ್ ಹತ್ರಾನೇ ಬರ್ತಾರೆ. ಖುಷಿಯಿಂದ ಕೊಡಿ, ಆದ್ರೆ ಕಡ್ಡಿ ಮುರಿಯೋಕೆ ಬಿಡ್ಬೇಡಿ. ಬಿಳಿ ಹೂವನ್ನಷ್ಟೇ ಎಳೆದುಕೊಂಡ್ರೆ ಬೀಜ ಕಟ್ಟೋ ಭಾಗ ಹಸಿರು ಬಟ್ಟಲೊಳಗೇ ಉಳಿಯತ್ತೆ, ಜೇನು ಆಗ್ಲೇ ಬಂದು ಹೋಗಿದ್ರೆ ಕಾಳು ಕಟ್ಟೇ ಕಟ್ಟತ್ತೆ. ಹಾಗಾಗಿ ನಾನು ಬೆಳಿಗ್ಗೆ ಏಳಕ್ಕೆ ಬರೋರಿಗೆ, ಅಕ್ಕ ಸ್ವಲ್ಪ ಹತ್ತೂವರೆ ಮೇಲೆ ಬನ್ನಿ ಅಂತೀನಿ. ಸಂಜೆ ಪೂಜೆ ತಾನೇ, ಯಾರೂ ಬೇಜಾರು ಮಾಡ್ಕೊಂಡಿಲ್ಲ.

ಇನ್ನು ಆ ಕಷ್ಟದ ಎರಡು ತಿಂಗಳು. ಗಿಡ ಪೂರ್ತಿ ಒಣಗಿ ಕಂದಾಗಿ ಕಸದ ಥರ ಕಾಣತ್ತೆ, ಬೀದಿಯೋರು ಹಾವು ಬರತ್ತೆ ಕ್ಲೀನ್ ಮಾಡ್ಸಿ ಅಂತಾರೆ. ಹೋದ ವರ್ಷ ನಾನು ಊರಿಗೆ ಹೋಗಿದ್ದಾಗ ಸೈಟ್ ಕ್ಲೀನ್ ಮಾಡೋರು ಬಂದು ಒಂದು ಪಾಲು ಬೋಳಿಸಿ ಹೋಗಿದ್ರು, ಈ ಸಲ ಆ ಜಾಗದಲ್ಲಿ ಎದ್ದಿದ್ದು ಬರೀ ಕಾಂಗ್ರೆಸ್. ಅದಾದ್ಮೇಲೆ ಒಂದು ದಾರ ಕಟ್ಟಿ ‘ಜೇನಿಗಾಗಿ ಬೆಳೆಸಿದ ಗಿಡ, ಮಾರ್ಚ್‌ವರೆಗೆ ಕೀಳಬೇಡಿ’ ಅಂತ ರಟ್ಟಿನ ಮೇಲೆ ಬರೆದು ಹಾಕಿದೀನಿ, ಅಂಚನ್ನ ಒಂದಡಿ ಅಗಲ ನೀಟಾಗಿ ಗುಡಿಸಿ ಇಡ್ತೀನಿ, ಅಂಚು ನೀಟಾಗಿದ್ರೆ ಒಳಗಿರೋದು ಬೇಕಂತಾನೇ ಬೆಳೆಸಿದ್ದು ಅಂತ ಜನಕ್ಕೆ ಗೊತ್ತಾಗತ್ತೆ, ಈಗ ಯಾರೂ ಏನೂ ಅನ್ನಲ್ಲ.

ಶಿವರಾತ್ರಿ ಕಳೆದು ಒಂದೆರಡು ವಾರ ಆದ್ಮೇಲೆ ಗಿಡಗಳನ್ನ ಬುಡದ ಹತ್ರ ಕತ್ತರಿಸಿ, ಬೇರು ಕೀಳಬೇಡಿ, ಮಣ್ಣು ಕದಡಿದ್ರೆ ಮತ್ತೆ ಕಳೆ. ಕತ್ತರಿಸಿದ ಕಡ್ಡಿಗಳನ್ನ ಅದೇ ಜಾಗದಲ್ಲಿ ಒಂದು ಸಲ ಜೋರಾಗಿ ಬಡಿದು ಉಳಿದ ಬೀಜ ಉದುರಿಸಿ. ಎಲ್ಲಾ ಕಡ್ಡಿ ತೆಗೀಬೇಡಿ, ಒಂದು ಮೂಲೇಲಿ ಹತ್ತಿಪ್ಪತ್ತು ಹಾಗೇ ನಿಂತಿರಲಿ, ನೀಲಿ ಪಟ್ಟೆಯವು ಮಲಗೋಕೆ. ಒಂದು ಹಿಡಿ ಬೀಜ ಮಾತ್ರ ಬೂದಿ ಹಾಕಿ ಕೂಡಿಡಿ, ಮಳೆ ಕೈಕೊಟ್ಟು ಮೊದಲ ಸಸಿ ಒಣಗಿದ್ರೆ ಎರಡನೇ ಸಲ ಚೆಲ್ಲೋಕೆ ಬೇಕಾಗತ್ತೆ. ಮಿಕ್ಕಿದ್ದೆಲ್ಲಾ ನೆಲದಲ್ಲೇ ಇರತ್ತೆ, ಬೇಸಿಗೆ ಪೂರ್ತಿ ಅಲ್ಲಿಗೆ ನೀರು ಹಾಕೋದೂ ಬೇಡ, ಮುಂಗಾರು ಬಿದ್ದು ಎರಡು ವಾರ ಬಿಟ್ಟು ಹೋಗಿ ಬಗ್ಗಿ ನೋಡಿ, ಜೋಡಿ ಎಲೆ ಬಂದಿರತ್ತೆ.